ಎಕ್ಸರೇಯಲ್ಲಿ ಕಾಣದ್ದು

ಬಸವನ ಬಾಗೇವಾಡಿ ನಿಲ್ದಾಣದಲ್ಲಿ ಸಿಂದಗಿ ಬಸ್ಸಿಗೆ ಕಾಯುತ್ತಿದ್ದ ಸುವರ್ಣಾಳ ಕಣ್ಣು ಮೊಬೈಲಿನಲ್ಲಿತ್ತು, ಕಿವಿ ಮಾತ್ರ ಪಕ್ಕದ ಬೆಂಚಿನ ಮೇಲಿತ್ತು. ಅಲ್ಲಿದ್ದ ದಂಪತಿಯಲ್ಲಿ ಹೆಂಡತಿ ಬಲಗಾಲು ನೀಡಿ ಕುಳಿತಿದ್ದಳು. ಗಂಡ ಅವಳ ಮೊಣಕಾಲಿನ ಎಂಆರ್‌ಐ ಸ್ಕ್ಯಾನ್ ಫಿಲ್ಮನ್ನು ಬಿಸಿಲಿಗೆ ಹಿಡಿದು, ಖೋಟಾ ನೋಟು ನೋಡುವವನಂತೆ ನೋಡುತ್ತಿದ್ದ.

"ಮಾಬುಬಿ, ಎಕ್ಸರೇದಾಗ ಏನೂ ಇರಲಿಲ್ಲ. ಇದರಾಗ ಎಲ್ಲಿಂದ ಬಂತ?"

"ಎಕ್ಸರೇದಾಗ ಎಲುಬಷ್ಟ ಕಾಣತೈತಂತ್ರಿ. ನನ್ನ ಎಲುಬು ಛಲೋ ಐತಿ. ನಡುವಿನ ಮೆತ್ತನ್ನ ಗಾದಿ ಹರದೈತಿ. ಅದು ಇದರಾಗ ಕಾಣತೈತಿ."

"ಒಳಗ ಧಡಧಡ ಬಡೀತಿತ್ತು, ಹೊರಗ ಕುಂತ ನನಗ ಕೇಳಸ್ತು. ಆ ಯಂತ್ರಾನ ಗಾದಿ ಹರದಿಲ್ಲಂತ ಯಾಂವ ಹೇಳಬೇಕ?"

"ಯಂತ್ರ ನನ್ನ ಮುಟ್ಟೇ ಇಲ್ಲ."

"ನನಗ ಡಾಕ್ಟರ್ ಮ್ಯಾಲೂ ಸಂಶೇ ಐತಿ."

"ಮೊದಲ ನನ್ನ ಮ್ಯಾಲಿತ್ತು. ರೊಟ್ಟಿ ಬಡ್ಯಾಕ ಕುಂದ್ರಬಾರದಂತ ನಾಟಕ ಮಾಡ್ತಾಳ ಅಂದ್ರಿ."

"ಮತ್ತ ಸುಮ್ಮ ಸುಮ್ಮನ ಹ್ಯಾಂಗ ಹರೀತೈತಿ?"

"ನಿಂತ್ರ ಮತ್ತ ಕಿಕ್ ಹೊಡೀಬೇಕಾಗತೈತಿ ಅಂತ ನೀವು ಗಾಡಿ ಪೂರಾ ನಿಲ್ಲಸೂದಿಲ್ಲ. ಮನಗೂಳಿ ಸಂತ್ಯಾಗ ನಾ ಜಿಗದ ಇಳದೆ. ಪಾದ ನೆಲಕ್ಕ ಊರಿತು, ಮೊಣಕಾಲು ಗರ್ರನ ತಿರುಗಿತು. ಡಾಕ್ಟರ್‌ಗೂ ಅದನ್ನ ಹೇಳೇನಿ."

ಗಂಡ ಫಿಲ್ಮನ್ನು ಚೀಲಕ್ಕೆ ಸೇರಿಸಿದ. ಅಷ್ಟರಲ್ಲಿ ಮುದ್ದೇಬಿಹಾಳ ಬಸ್ಸು ಬಂದು ನಿಂತಿತು. ಅವನು ಮೊದಲು ಹತ್ತಿ, ಬಾಗಿಲಿನಿಂದ ಕೈ ಚಾಚಿದ.

"ಬಾ, ಹಿಡಕೋ."

ಮಾಬುಬಿ ಕೈ ಹಿಡಿಯಲಿಲ್ಲ. ಬಗ್ಗಿ ಗಾಲಿಯನ್ನೇ ನೋಡಿದಳು.

"ಪೂರಾ ನಿಂತೈತೇನು, ಮೊದಲ ಡ್ರೈವರನ್ನ ಕೇಳ್ರಿ."