ಹನ್ನೆರಡನೇ ಸಾಲು, ಏಳು ಮತ್ತು ಎಂಟು

…ಅಯ್ಯೋ, ಪೇಪರನ್ನ ಯಾಕೆ ಹಾಗೆ ಹಿಂಡ್ತೀಯಾ ಟೊಯ್ವೊ? ಅದೇನು ಒದ್ದೆ ಬಟ್ಟೆನಾ? ಇಲ್ಲಿ ಕೊಡು. ಇನ್ನೂ ಹದಿನೈದು ನಿಮಿಷ ಬಿಡುವಿದೆ, ಐಸ್ ನಯ ಮಾಡೋ ಗಾಡಿ ಈಗ ತಾನೇ ಒಳಗೆ ಬಂತು. ನಾನೇ ಓದ್ತೀನಿ, ನೀನು ಕಾಫಿ ಕುಡಿ. ‘ಬರೋ ವರ್ಷ ಊರು ಬಿಡಬಹುದಾದ ಟೀಮುಗಳು’… ನೋಡು, ಎಷ್ಟು ದಪ್ಪಕ್ಷರದಲ್ಲಿ ಹಾಕಿದ್ದಾರೆ! ಊರು ಮುಳುಗಿದ್ರೂ ಇಷ್ಟು ದಪ್ಪಕ್ಕೆ ಹಾಕಲ್ಲ ಇವರು. ಮೊದಲನೇದು ಮಿಲ್ ಬೇ. ಹೋಗಲಿ ಬಿಡು, ಅವರ ಆಟ ನೋಡಿದ್ರೆ ಊರಿನವರೇ ಲಾರಿ ಕರೆಸಿ, ಸಾಮಾನು ತುಂಬಿಸಿ ಕಳಿಸಿಕೊಡ್ತಾರೆ. ಎರಡನೇದು ಫೋರ್ಟ್ ಡ್ಯುವಾಲ್. ಇವರದು ಪ್ರತಿ ವರ್ಷದ ಗೋಳು. ಹೊರಟೆ ಹೊರಟೆ ಅಂತ ಹೊಸ್ತಿಲಲ್ಲೇ ನಿಂತು ಇನ್ನರ್ಧ ಗಂಟೆ ಮಾತಾಡೋ ನೆಂಟರ ಹಾಗೆ. ಮೂರನೇದು ಬೇಸ್‌ಬಾಲ್‌ನವರು, ನಮ್ಮ ಐಸ್ ಹಾಕಿಯವರಲ್ಲ, ಅವರ ಉಸಾಬರಿ ನಮಗೆ ಬೇಡ. ನಾಲ್ಕನೇದು…

ನಾಲ್ಕನೇದು ಓದಲ್ಲ. ನೀನು ಆಗಲೇ ಓದಿದ್ದೀಯ. ಓದಿದ್ದಷ್ಟೇ ಅಲ್ಲ, ಪೆನ್ಸಿಲ್ಲಲ್ಲಿ ಗೀಟು ಎಳೆದು ಹೊಡೆದೂ ಹಾಕಿದ್ದೀಯ. ಎಷ್ಟು ನೇರ ಗೀಟು! ಸ್ಕೇಲ್ ಇಟ್ಟು ಎಳೆದೆಯಾ? ಎಳೆದೆ! ತಲೆ ಆಡಿಸ್ತಾನೆ ನೋಡು! ಮೂವತ್ತೊಂದು ವರ್ಷ ಬಂದರಿನಲ್ಲಿ ಕ್ರೇನ್ ನಡೆಸಿದ ಮನುಷ್ಯ, ಅಡುಗೆಮನೆ ಮೇಜಿನ ಮೇಲೆ ಪೇಪರ್ ಹರಡಿಕೊಂಡು, ಸ್ಕೇಲ್ ಹುಡುಕಿ, ಪೆನ್ಸಿಲ್ ಚೂಪು ಮಾಡಿ… ‘ಪೋರ್ಟ್ ಕ್ಯಾಲ್ಡರ್ ಸ್ಟೋಕರ್ಸ್’ ಅನ್ನೋ ಹೆಸರನ್ನ ಹೊಡೆದುಹಾಕಿದ! ಆಯ್ತಪ್ಪ, ಇನ್ನು ಯಾರೂ ನಮ್ಮ ಟೀಮನ್ನ ಅಲ್ಲಾಡಿಸೋ ಹಾಗಿಲ್ಲ.

ನಗು ಬಂತಲ್ವಾ? ಬಂತು, ಬಂತು. ಮೀಸೆ ಕೆಳಗೆ ಮುಚ್ಚಿಟ್ಟುಕೊಂಡ್ರೆ ನನಗೆ ಕಾಣಲ್ವಾ?

ನಿಮ್ಮ ಫಿನ್‌ಲ್ಯಾಂಡಿನವರ ಬಾಯಿಂದ ಮಾತು ಹೊರಡಿಸೋದಕ್ಕಿಂತ ಈ ಐಸಿನ ಮೇಲೆ ಆಲೂಗಡ್ಡೆ ಬೆಳೆಯೋದು ಸುಲಭ. ನಾನು ಬಂದ ಮೊದಲನೇ ವರ್ಷ ನೆನಪಿದೆಯಾ? ಇದು ನಿನ್ನ ಹೆಂಡತಿ ಕೂರ್ತಿದ್ದ ಸೀಟು ಅಂತ ನನಗೇನು ಗೊತ್ತು? ಅವರು ತೀರಿಕೊಂಡ ಮೇಲೆ ನೀನು ಆಫೀಸಿಗೆ ವಾಪಸ್ ಕೊಟ್ಟಿದ್ದೆ, ಆಫೀಸಿನವರು ಟೀಮಿನ ದರ್ಜಿ ಹೆಂಗಸಿಗೆ ಅಂತ ನನಗೆ ಕೊಟ್ರು. ಬಂದು ಕೂತೆ. ನೀನು ನಿನ್ನ ಕೋಟು ತೆಗೆದು ಎರಡು ಸೀಟಿನ ನಡುವಿನ ಕೈ ಮೇಲೆ ಹಾಕಿದೆ, ಬೇಲಿ ಹಾಕಿದ ಹಾಗೆ! ಇವತ್ತಿಗೂ ಅಲ್ಲೇ ಹಾಕ್ತೀಯ. ನವೆಂಬರ್ ಕಳೀತು, ಡಿಸೆಂಬರ್ ಕಳೀತು, ಒಂದು ಮಾತಿಲ್ಲ. ಮೂಗನೇ ಇರಬೇಕು ಪಾಪ ಅಂದುಕೊಂಡು, ನಾನು ಕೈಸನ್ನೆಯಲ್ಲಿ ‘ಹಾಟ್‌ಡಾಗ್ ತರಲಾ’ ಅಂತ ಕೇಳಿದೆ. ನೀನು ‘ಸಾಸಿವೆ ಜಾಸ್ತಿ’ ಅಂದೆ. ಅಬ್ಬಾ! ಎರಡು ತಿಂಗಳಿಗೆ ಎರಡು ಮಾತು! ಅವತ್ತು ಎಷ್ಟು ನಕ್ಕಿದ್ದೆ ಅಂದ್ರೆ ಮನೆಗೆ ಹೋಗಿ ಬೆಕ್ಕಿಗೂ ಹೇಳಿದೆ.

ಏನು ತೆಗೀತಿದ್ದೀಯಾ ಜೇಬಿಂದ? …ಓ. ಅದಾ.

ಐದು ವರ್ಷಕ್ಕೆ ಸೀಟು ಬರೆಸ್ಕೊಳ್ಳೋ ಅರ್ಜಿ. ಗೇಟಿನಲ್ಲಿ ಎಲ್ಲರಿಗೂ ಕೊಡ್ತಿದ್ರು, ನನಗೂ ಕೊಟ್ರು. ಈಗ ಯಾಕೆ ಅದು? ಮಡಚಿ ಇಟ್ಕೊ. ಕೈಯೆಲ್ಲಾ ಸಾಸಿವೆ, ಅರ್ಜಿ ಹಳದಿ ಆಗುತ್ತೆ.

ಇಲ್ಲ, ನನ್ನ ಹತ್ತಿರ ಪೆನ್ನಿಲ್ಲ. …ಆ ಚೀಲದಲ್ಲಿ ಇರೋದು ಸೂಜಿ, ದಾರ, ಕತ್ತರಿ. ಪೆನ್ನಿಲ್ಲ ಅಂದ್ನಲ್ಲ! ಹಾಗೆ ನೋಡಬೇಡ. ಹೌದು, ಪ್ರತಿ ಸಲ ಮೊದಲನೇ ದಿನವೇ ‘ಬರಿ ಬರಿ, ಆಮೇಲೆ ಈ ಜಾಗ ಯಾರಾದ್ರೂ ಹೊಡ್ಕೊಂಡು ಹೋಗ್ತಾರೆ’ ಅಂತ ನಿನ್ನ ಪ್ರಾಣ ತಿಂತಿದ್ದವಳು ನಾನೇ. ಒಪ್ಪಿದೆ. ಒಂದು ವರ್ಷ ತಡವಾದ್ರೆ ಆಕಾಶ ಕಳಚಿ ಬೀಳುತ್ತಾ? ಮೊದಲು ಯೋಚನೆ ಮಾಡೋಣ. ನಿನ್ನ ಮಂಡಿ ನೋವು… ಹನ್ನೆರಡನೇ ಸಾಲಿಗೆ ಎಷ್ಟು ಮೆಟ್ಟಿಲು! ಇವತ್ತು ಹತ್ತುವಾಗ ನಡುವೆ ನಿಂತೆ, ಬೋರ್ಡ್ ಓದೋ ನೆಪ ಮಾಡಿದೆ, ನಾನು ನೋಡಿದೆ. ನಾಲ್ಕನೇ ಸಾಲಿನಲ್ಲಿ ಖಾಲಿ ಆದ್ರೆ ಕೇಳೋಣ. ಜೂನ್‌ನಲ್ಲಿ ಕೇಳೋಣ. ಅವಸರ ಏನಿದೆ?

ಸುಮ್ಮನಿರು ಟೊಯ್ವೊ. ಅಂದ್ರೆ… ನೀನು ಸುಮ್ಮನೇ ಇದ್ದೀಯ. ಹೀಗೆ ಸುಮ್ಮನಿರಬೇಡ ಅಂದೆ.

ಬೇರೆ ಮಾತಾಡೋಣ. ಆ ಹೊಸ ಹುಡುಗನ ಹೆಸರು ನೋಡಿದೆಯಾ, ಬೆನ್ನ ಮೇಲೆ ಈ ಭುಜದಿಂದ ಆ ಭುಜಕ್ಕೆ? ಹದಿನಾಲ್ಕು ಅಕ್ಷರ! ಬೆಳಿಗ್ಗೆ ಎಂಟಕ್ಕೆ ಬೇರೆ ಟೀಮಿಂದ ಬಂದಿಳಿದ, ಮಧ್ಯಾಹ್ನದ ಆಟಕ್ಕೆ ಅಂಗಿ ರೆಡಿ ಆಗಬೇಕು. ಒಂದೊಂದಕ್ಷರ ಕತ್ತರಿಸಿ, ಸುತ್ತ ಹೊಲಿದು, ಬೆನ್ನ ಒಳಗೆ ಪಟ್ಟಿ ಬೇರೆ. ಅದನ್ನ ಚಡ್ಡಿಗೆ ಗುಂಡಿ ಹಾಕದಿದ್ರೆ ಹೊಡೆದಾಟದಲ್ಲಿ ಎದುರಾಳಿ ಅಂಗೀನ ತಲೆ ಮೇಲೆ ಎಳೆದು ಬಾರಿಸ್ತಾನಲ್ಲ. ಊಟಾನೂ ಮಾಡದೆ ಹೊಲಿದೆ. ಆ ಮಹಾರಾಯ ಆಡಿದ್ದು ಎರಡೇ ನಿಮಿಷ, ಆಮೇಲೆ ಬೆಂಚಿನ ಮೇಲೆ ಕೂತು ನೀರು ಕುಡೀತಿದ್ದ! ಹದಿನಾಲ್ಕು ಅಕ್ಷರ ಹೊಲಿದ ನನಗೆ ಒಂದು ಲೋಟ ನೀರು ಕೊಟ್ಟೋರಿಲ್ಲ.

ಆ… ಗಾಡಿ ಹೊರಗೆ ಹೋಯ್ತು. ಬಂದ್ರು, ಬಂದ್ರು. ಕೊನೇ ಇಪ್ಪತ್ತು ನಿಮಿಷ. ಚಪ್ಪಾಳೆ ಹೊಡಿ! ಐಸ್ ಮೇಲೆ ಬಿಲ್ಲೆ ಬಿತ್ತು ನೋಡು. ಓಡು, ಓಡು… ಅಲ್ಲಿಗಲ್ಲ, ಗೋಡೆಗೆ ಹೊಡೀತಾನೆ ಮುಠ್ಠಾಳ! ಬೆಕ್ಕು ಇದಕ್ಕಿಂತ ಚೆನ್ನಾಗಿ ಗುರಿ ಇಡುತ್ತೆ. ಅಲ್ವಾ?

ಅಲ್ವಾ ಟೊಯ್ವೊ?

ನನ್ನನ್ನೇನು ನೋಡ್ತೀಯಾ? ಆಟ ಅಲ್ಲಿದೆ. ಹತ್ತೊಂಬತ್ತು ವರ್ಷದಲ್ಲಿ ಬಿಲ್ಲೆ ಓಡ್ತಿರುವಾಗ ನೀನು ಒಂದೇ ಒಂದು ಸಲ ಈ ಕಡೆ ತಿರುಗಿಲ್ಲ. ಒಂದ್ಸಲ ನನ್ನ ಬಿಸಿ ಕಾಫಿ ಪೂರಾ ನಿನ್ನ ತೊಡೆ ಮೇಲೆ ಚೆಲ್ತು, ಆಗಲೂ ನೀನು ಅತ್ತಲೇ ನೋಡ್ತಾ ಬರೀ ಕರವಸ್ತ್ರಕ್ಕೆ ಕೈ ಚಾಚಿದೆ. ಇವತ್ತೇನಾಯ್ತು? ತಿರುಗು ಅತ್ಲಾಗೆ. ಜನ ಏನಂದುಕೊಳ್ತಾರೆ?

ಗೋಲ್! ಗೋಲ್ ಆಯ್ತು ಕಣಯ್ಯಾ! ಊರಿಗೆ ಊರೇ ಎದ್ದು ನಿಂತಿದೆ, ನೀನೊಬ್ಬ ಕೂತಿದ್ದೀಯ. ಏಳು!

…ಸರಿ. ನಾನೂ ಕೂರ್ತೀನಿ.

ಸೋಮವಾರ ಟೀಮಿನವರೇ ಎಲ್ಲರಿಗೂ ಹೇಳ್ತಾರೆ. ಬೆಳಿಗ್ಗೆ ಹತ್ತು ಗಂಟೆಗೆ. ಹೌದು, ಹೋಗ್ತಾರೆ. ಮರುಭೂಮಿಗೆ, ಸಾನ್ ಮಾರ್ಸೆಲೋಗೆ. ಅಲ್ಲಿ ಐಸ್ ಅಂದ್ರೆ ಶರಬತ್ತಿಗೆ ಹಾಕೋದು ಅಂತ ಮಾತ್ರ ಗೊತ್ತು ಆ ಜನಕ್ಕೆ. ಸ್ಟೋಕರ್ಸ್ ಅನ್ನೋ ಹೆಸರನ್ನೂ ಜೊತೆಗೇ ಒಯ್ತಾರಂತೆ. ಸ್ಟೋಕರ್ಸ್ ಅಂದ್ರೆ ಹಡಗಿನ ಒಲೆಗೆ ಕಲ್ಲಿದ್ದಲು ಸುರಿಯೋರು, ಸುರಿದೋರು ನಿಮ್ಮಪ್ಪ, ನಮ್ಮ ಮಾವ. ಹೆಸರು ಮಾತ್ರ ಹಡಗನ್ನೇ ಕಾಣದ ಊರಿಗೆ. ಇದೇ ಇಲ್ಲಿ ಕೊನೇ ಆಟ. ಈ ಸಾವಿರಾರು ಜನರಲ್ಲಿ ಒಬ್ಬರಿಗೂ ಗೊತ್ತಿಲ್ಲ. ಅರ್ಜಿ ಹಂಚ್ತಿರೋ ಆ ಹುಡುಗಿಗೂ ಗೊತ್ತಿಲ್ಲ ಪಾಪ.

ನನಗೆ ಹೇಗೆ ಗೊತ್ತು ಅಂತ ಬೇರೆ ಹೇಳಬೇಕಾ? ಹೊಸ ಅಂಗಿಗೆ ಹೆಸರು ಹೊಲಿಯೋಳು ಯಾರು? ಮೂಟೆ ಬಂತು ನನ್ನ ಹೊಲಿಗೆ ಅಂಗಡಿಗೆ. ಬಿಚ್ಚಿದೆ. ನಮ್ಮ ಕಪ್ಪು-ಕೆಂಪು ಇಲ್ಲ, ಮರಳಿನ ಬಣ್ಣ. ಎದೆ ಮೇಲೆ ಆ ಊರಿನ ಹೆಸರು. ಮೂಟೆ ಮತ್ತೆ ಕಟ್ಟಿಟ್ಟೆ ಟೊಯ್ವೊ, ದೇವರಾಣೆ. ಆದ್ರೂ ಹೊಲಿದೆ. ಇಪ್ಪತ್ತಾರು ಅಂಗಿ, ಈ ಕೈಯಿಂದಲೇ. ಚೆನ್ನಾಗಿಯೇ ಹೊಲಿದೆ, ಅದೇ ನಾಚಿಕೆ. ಒಂದಾದರೂ ಹೊಲಿಗೆ ಸೊಟ್ಟ ಹಾಕೋಣ ಅಂದುಕೊಂಡೆ, ಕೈ ಕೇಳಲಿಲ್ಲ.

ಕೂಗು. ರೆಫರಿಗೆ ಕೂಗ್ತೀಯಲ್ಲ, ಹಾಗೆ ಕೂಗು ನನಗೆ. ಆ ‘ಕುರುಡ’ ಅನ್ನೋದನ್ನ ಕುರುಡಿ ಅಂತ ಮಾಡ್ಕೊ. ಬೇಡ್ವಾ?

ಏನು? ಬೆರಳು ಯಾಕೆ ಎಣಿಸ್ತಿದ್ದೀಯಾ? …ಯಾವಾಗಿಂದ ಗೊತ್ತು ಅಂತಾನಾ?

ಫೆಬ್ರವರಿಯಿಂದ. ಮೊದಲನೇ ವಾರ. ಆ ಹಿಮಗಾಳಿ ಬಂತಲ್ಲ, ಆ ವಾರ.

ಹೇಳಬಾರದು ಅಂತ ಸಹಿ ಹಾಕಿಸ್ಕೊಂಡಿದ್ರು ಕಣಯ್ಯಾ! ಕಾಗದದ ಮೇಲೆ! ಉಸಿರು ಬಿಟ್ರೆ ಕೆಲಸ ಹೋಗುತ್ತೆ ಅಂದ್ರು. ನಾನೇನು ಮಾಡ್ಲಿ? ಒಂಟಿ ಹೆಂಗಸು, ಅರವತ್ತೇಳು ವರ್ಷ, ಬಾಯಿಗೆ ಬೀಗ ಹಾಕ್ಕೊಂಡೆ. ಅಷ್ಟೇ. ಸಹಿ ಹಾಕಿದ್ದೆ. ಅದಕ್ಕೇ ಹೇಳಲಿಲ್ಲ.

…ನಂಬಲ್ಲ ನೀನು.

ಅಲ್ಲ, ನಂಬೋದಾದ್ರೂ ಹೇಗೆ? ಈ ಟೀಮಿನ ಯಾವ ಗುಟ್ಟನ್ನ ನಿನಗೆ ಹೇಳದೆ ಬಿಟ್ಟಿದ್ದೀನಿ? ಗೋಲ್‌ಕೀಪರ್ ಹೊಟ್ಟೆ ದಪ್ಪ ಆಯ್ತು, ಅಂಗಿ ಎರಡು ಇಂಚು ಬಿಚ್ಚಿಸ್ದ ಅಂತ ಹೇಳಿದೆ. ನಾಯಕ ತಾಯತ ಕಟ್ಟಿಕೊಂಡ ಹಾಗೆ ಹೆಂಡತಿಯ ರಿಬ್ಬನ್ನು ಅಂಗಿಯೊಳಗೆ ಹೊಲಿಸ್ಕೊಂಡಿದ್ದಾನೆ ಅಂತ ಹೇಳಿದೆ. ಅದಕ್ಕೆಲ್ಲ ಸಹಿ ಹಾಕಿರಲಿಲ್ವಾ? ಹಾಕಿದ್ದೆ. ಆ ಕಾಗದಕ್ಕೆ ನಾನು ಹೆದರೋಳಾ? ನೀನು ಬಾಯಿಬಿಡೋನೂ ಅಲ್ಲ. ನಿನಗೆ ಹೇಳೋದೂ ಒಂದೇ, ಬಾವಿಗೆ ಹಾಕೋದೂ ಒಂದೇ.

ಆ ಕಡೆ ತಿರುಗು ಟೊಯ್ವೊ. ನೀನು ಹೀಗೆ ನೋಡ್ತಿದ್ರೆ ನನಗೆ ಸುಳ್ಳು ಹೇಳೋಕಾಗಲ್ಲ.

ಆರು ವರ್ಷದ ಹಿಂದೆ, ನೆನಪಿದೆಯಾ, ಮಾಲೀಕ ಒಂದು ಮಾತಂದ. ಈ ಊರು ನಮಗೆ ಸಾಲದು, ಹೋದ್ರೂ ಹೋದ್ವಿ ಅಂತ. ಬರೀ ಬಾಯಿಮಾತು. ಅಷ್ಟಕ್ಕೇ ನೀನು ಸಿಟ್ಟು ಮಾಡ್ಕೊಂಡೆ. ನಮ್ಮನ್ನ ಬೇಡ ಅನ್ನೋರ ಮುಖ ನೋಡಲ್ಲ ಅಂತ ಆರು ವಾರ ಬರಲಿಲ್ಲ. ಬಡಪಾಯಿ ಆಟಗಾರರ ಮೇಲೆ ತೀರಿಸ್ಕೊಂಡೆ ಸೇಡು. ನಿನ್ನ ಸೀಟಿಗೆ ಯಾರೋ ಹಲ್ಲಿನ ಡಾಕ್ಟರ್ ಬಂದು ಕೂತಿದ್ದ, ಆಟ ಪೂರಾ ಫೋನಲ್ಲಿ ಯಾರದೋ ದವಡೆ ವಿಚಾರ. ನಾನು ಪ್ರತಿ ಸಲ ಎರಡು ಹಾಟ್‌ಡಾಗ್ ತಗೊಂಡು ಬರ್ತಿದ್ದೆ. ಬಂದಿರ್ತೀಯೇನೋ ಅಂತ. ಎರಡನ್ನೂ ನಾನೇ ತಿಂದೆ. ಎಲ್ಲಿದ್ದೀಯ ಅಂತ ಯಾರನ್ನ ಕೇಳ್ಲಿ? ನಿನ್ನ ಮನೆ ಯಾವ ಬೀದಿ ಅಂತ ಗೊತ್ತಿಲ್ಲ, ಫೋನ್ ನಂಬರ್ ಗೊತ್ತಿಲ್ಲ. ನಾವು ಸೀಟಿನ ಪಕ್ಕದೋರು, ಸೀಟಿನ ಪಕ್ಕದೋರು ಅದನ್ನೆಲ್ಲ ಕೇಳಲ್ಲ. ಏಪ್ರಿಲ್‌ನಲ್ಲಿ ‘ಬರ್ತೀನಿ’, ಅಕ್ಟೋಬರ್‌ನಲ್ಲಿ ‘ಬಂದೆಯಾ’. ಹತ್ತೊಂಬತ್ತು ವರ್ಷ ಅಷ್ಟೇ. ಸೀಟು ಇರುತ್ತಲ್ಲ, ಮತ್ತೆ ಸಿಗ್ತೀವಲ್ಲ ಅಂತ. ಎಂಥ ದಡ್ಡರು ನಾವು!

ಅದಕ್ಕೇ ಹೇಳಲಿಲ್ಲ. ಫೆಬ್ರವರಿಯಲ್ಲಿ ಹೇಳಿದ್ರೆ ನೀನು ಅವತ್ತೇ ಎದ್ದು ಹೋಗ್ತಿದ್ದೆ. ಇಲ್ಲಿ ಇನ್ನೂ ಹದಿನಾಲ್ಕು ಆಟ ಬಾಕಿ ಇತ್ತು. ಹದಿನಾಲ್ಕು ಮಧ್ಯಾಹ್ನ… ನೀನು ಪಕ್ಕದಲ್ಲಿ ಕೂತು ಉಸ್ ಅನ್ನೋದು, ನಾನು ಬಾಯಿಗೆ ಬಂದಿದ್ದು ಮಾತಾಡೋದು. ಕಳ್ಕೊಳ್ಳೋಕೆ ಮನಸ್ಸಾಗಲಿಲ್ಲ. ಟೀಮ್ ಹೋಗೋ ಸುದ್ದಿ ನಿನಗೆ ಸೇರಿದ್ದು, ನಾನು ಕದ್ದು ಇಟ್ಕೊಂಡೆ. ನಿನ್ನ ಜೊತೆ ಕೂರೋಕೆ. ಬೈದ್ರೆ ಬೈಯಿ. ಸ್ಟೋಕರ್ಸ್ ಸೋಲಲಿ, ಗೆಲ್ಲಲಿ, ಮರುಭೂಮಿಗೆ ಹೋಗಲಿ… ಅಯ್ಯೋ, ಈ ವಯಸ್ಸಿನಲ್ಲಿ ಇದನ್ನ ಬಾಯಿಬಿಟ್ಟು ಹೇಳಿಸ್ತೀಯಲ್ಲಾ!

ಏನಾದ್ರೂ ಅನ್ನು.

…ಎದ್ದೆಯಾ? ಹೋಗ್ತೀಯಾ? ಸರಿ. ಹೋಗು. ನಾನು ತಡೆಯಲ್ಲ. ಕೋಟು ಮರೀಬೇಡ.

ಇದೇನು ಮಾಡ್ತಿದ್ದೀಯಾ? ಸೀಟಿನ ಕೈ ಮೇಲಿಂದ ಕೋಟು ತೆಗೆದು ಆ ಕಡೆ ಯಾಕೆ ಇಟ್ಟೆ? …ಮತ್ತೆ ಕೂತ್ಕೊಂಡ. ನೋಡ್ರಪ್ಪಾ, ಮತ್ತೆ ಕೂತ್ಕೊಂಡ! ಯಾಕೆ, ಮಂಡಿ ಹಿಡ್ಕೊಳ್ತಾ?

ಕೈ ಬಿಡು ಕಣಯ್ಯಾ, ಹಿಂದಿನ ಸಾಲಿನೋರು ನೋಡ್ತಿದ್ದಾರೆ. …ಇರಲಿ ಬಿಡು, ನೋಡಲಿ. ಅವರೂ ಇನ್ನು ಸಿಗಲ್ಲ.

ಮೇಪಲ್ ಬೀದಿ, ಹಳೇ ಬೇಕರಿ ಎದುರು, ಹಸಿರು ಬಾಗಿಲು. ಬುಧವಾರ ಬಾ. ಎಲೆಕೋಸಿನ ಸುರುಳಿ ಮಾಡ್ತೀನಿ, ಸಾಸಿವೆ ಅದಕ್ಕೆ ಹೊಂದಲ್ಲ, ಆದ್ರೂ ಇಟ್ಟಿರ್ತೀನಿ. ಯಾಕೆ ಹಾಗೆ ತಲೆ ಕೆರ್ಕೊಳ್ತೀಯಾ? ಎದುರಿಗೆ ಆಟ ಇಲ್ಲದೆ ಇಬ್ಬರೂ ಕೂತು ಏನು ಮಾತಾಡೋದು ಅಂತ ಯೋಚನೆನಾ? ನೀನು ಯಾವತ್ತು ಮಾತಾಡಿದ್ದೀಯೋ ಮಹಾರಾಯ!