ನಾನು ಸೊಪ್ಪು ಮುಚ್ಚಿದ ಹೆಜ್ಜೆ

ಅಲ್ಲ, ಅದೆಲ್ಲ ಸರಿ ಮಾರಾಯ, ಆದ್ರೆ ಯಾವ ಜಿಂಕೆಯನ್ನು ಹೊಡೀಬೇಕು ಅಂತ ಸರಕಾರವೇ ಚೀಟಿ ಕೊಡ್ತದೆ ಅಂದ್ಯಲ್ಲ ಆ ದೇಶದಲ್ಲಿ, ಅದು ಮಾತ್ರ ನನ್ನ ತಲೆಗೆ ಹೋಗ್ಲಿಲ್ಲ. ಗಂಡಿಗೊಂದು ಚೀಟಿ, ಹೆಣ್ಣಿಗೊಂದು ಚೀಟಿ, ಇಷ್ಟು ಕೊಂಬು ಇದ್ರೆ ಹೊಡಿ, ಇಲ್ಲದಿದ್ರೆ ಬಿಡು. ಆ ವಿಡಿಯೋದ ಜನವನ್ನು ನೋಡು, ಮರದ ಮೇಲೆ ಕುರ್ಚಿ ಹಾಕಿ ಕೂತ್ಕೊಂಡು ಪಿಸಪಿಸ ಮಾತಾಡ್ತಾನೆ, ಇದು ಸಣ್ಣದು, ಇದು ಬೇಡ, ಬರುವ ವರ್ಷ ನೋಡುವ ಅಂತ. ಸಾಕು ರಕ್ಷಿತ, ಆ ಮೊಬೈಲು ಆಚೆ ಇಡು. ಶ್ರಾವ್ಯ, ನೀನು ಪಾಪ ಪಾಪ ಅಂತ ಮೂಗು ಎಳೀಬೇಡ, ನಿನ್ನೆ ಕೋಳಿಸುಕ್ಕ ತಿನ್ನುವಾಗ ಎಲ್ಲಿತ್ತು ಆ ಪಾಪ? ನಾನು ಕೂಡ ಆರಿಸಿದವನೇ, ಗೊತ್ತುಂಟಾ. ಒಂದೇ ಒಂದು ಸಲ. ನಮಗೆ ಚೀಟಿ ಇರ್ಲಿಲ್ಲ, ಸೊಪ್ಪು ಇತ್ತು. ಅದೆಂತ ಸೊಪ್ಪು ಅಂತ ಹೇಳ್ತೇನೆ, ನಡುವೆ ಬಾಯಿ ಹಾಕ್ಬೇಡಿ. ಈಗ ಹಾಗೆ ಮಾಡಿದ್ರೆ ಫಾರೆಸ್ಟಿನವರು ಒಳಗೆ ಹಾಕ್ತಾರೆ, ಹಾಕ್ಲೇಬೇಕು, ನಾನು ಹೇಳುದು ಆ ಕಾನೂನು ಬರುವ ಮೊದಲಿನದ್ದು. ಇಷ್ಟು ವರ್ಷ ಕೇಳಿದವರಿಗೆಲ್ಲ ನನಗೆ ತಪ್ಪಿ ಹೋಯ್ತು, ತಪ್ಪಿ ಹೋಯ್ತು ಅಂತ ಹೇಳ್ತಾ ಬಂದಿದ್ದೇನೆ. ತಪ್ಪಿದ್ದಲ್ಲ ಅದು.

ನನಗೆ ಆಗ ಹತ್ತೊಂಬತ್ತು. ಅಲ್ಲ, ಇಪ್ಪತ್ತು. ನನ್ನ ಅಕ್ಕ ಕಮಲಕ್ಕನ ಮದುವೆ ಆದ ಮರುವರ್ಷ, ಹೌದು, ಇಪ್ಪತ್ತೇ. ನಾವು ಇದ್ದದ್ದು ನಾರಾವಿಯಿಂದಲೂ ಮೇಲೆ, ಘಟ್ಟದ ಬುಡದಲ್ಲಿ, ಹನ್ನೆರಡು ಮನೆ, ಹನ್ನೆರಡೂ ಗುತ್ತಿನ ಧಣಿಗಳ ಗದ್ದೆ ಮಾಡುವ ಒಕ್ಕಲು. ಆ ವರ್ಷ ಮೊದಲ ಬೆಳೆ ನೆರೆಗೆ ಕೊಳೀತು, ಎರಡನೇದು ಕಾಳು ಕಟ್ಟಲಿಲ್ಲ, ಇದ್ದ ಅಕ್ಕಿ ಗೇಣಿಗೆ ಹೋಯ್ತು. ಸೊಸೈಟಿಯಲ್ಲಿ ಕಾರ್ಡಿಗೆ ಗೋಧಿ ಕೊಡ್ತಿದ್ರು. ಗೋಧಿಯನ್ನು ಎಂತ ಮಾಡುದು ಅಂತ ನಮ್ಮ ಹೆಂಗಸರಿಗೆ ಗೊತ್ತುಂಟಾ? ನನ್ನ ಅಮ್ಮ ಕುಚ್ಚಲಕ್ಕಿ ಹಾಗೆ ಇಡೀ ಇಡೀ ಬೇಯಿಸಿ ತಿಳಿ ಬಸಿದು ಬಡಿಸಿದ್ದು. ಹೊಟ್ಟೆ ಕೆಟ್ಟು ಎರಡು ದಿವಸ ನಾವು ಯಾರೂ ತೋಡಿನ ನೀರಿನ ಬದಿಯಿಂದ ಮನೆಗೆ ಬರ್ಲಿಲ್ಲ. ನಗಿ ನಗಿ, ಈಗ ನಗ್ಬಹುದು. ಹಲಸಿನ ಎಳೆಕಾಯಿ, ಗುಜ್ಜೆ ಇತ್ತು, ನಾವೆಲ್ಲ ಅದನ್ನೇ ತಿಂದು ಬದುಕಿದ್ದು. ಆದ್ರೆ ಕಮಲಕ್ಕ ಬಾಣಂತಿ, ಬಾಣಂತಿಗೆ ಹಲಸು ಕೊಡ್ಲಿಕ್ಕಿಲ್ಲ ಅಲ್ವಾ. ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು ಅವಳು. ಗಂಡು ಮಗು ಹೆತ್ತು ಹದಿನಾರು ದಿವಸ ಆಗಿತ್ತು, ಎದೆಯಲ್ಲಿ ಹಾಲಿಲ್ಲ. ಎಲ್ಲಿಂದ ಬರ್ಬೇಕು, ಹೊಟ್ಟೆಗೆ ಬಿದ್ರಲ್ವಾ ಬರುದು? ಹಟ್ಟಿಯ ದನವೂ ಬತ್ತಿತ್ತು. ಆ ಮಗು ಮೊದಲು ರಾಗ ತೆಗ್ದು ಅಳ್ತಿತ್ತು, ಮತ್ತೆ ಮತ್ತೆ ಸಣ್ಣಕ್ಕೆ ಅಳ್ತಿತ್ತು, ಆಮೇಲೆ ಅಳುದೇ ನಿಲ್ಲಿಸ್ತು. ಅಳು ನಿಂತ ಮೇಲೆಯೇ ಅಮ್ಮ ಹೆದರಿದ್ದು. ಹೆರಿಗೆ ಮಾಡಿಸಿದ ಮುದುಕಿ ಬಂದು ನೋಡಿ, ಕಾಡುಮಿಗದ ಲಿವರು ಬೇಯಿಸಿ ಕೊಡಿ, ಮೂರು ದಿವಸದಲ್ಲಿ ಹಾಲು ಇಳೀತದೆ, ಇಲ್ಲದಿದ್ರೆ ಈ ಮಗುವಿನ ಆಸೆ ಬಿಡಿ ಅಂತ ಹೇಳಿ ಹೋದ್ಳು. ಲಿವರು ಎಲ್ಲಿ ಸಿಗ್ತದೆ ಹೇಳಿ? ಆ ವರ್ಷದ ಮೊದಲ ಬೇಟೆ ಎರಡು ದಿವಸದಲ್ಲಿ ಇತ್ತು, ಅಷ್ಟೇ.

ಕೆಡ್ಡಸದ ಹಬ್ಬ ಕಳೆದ ಮೇಲೆ ಬಿಸು ಹಬ್ಬದವರೆಗೆ ನಮ್ಮಲ್ಲಿ ಬೇಟೆಯ ಕಾಲ. ಕೋವಿ ಇದ್ದವ ಯಾರೂ ಹೊಡೀಬಹುದು, ಆದ್ರೆ ಯಾವುದನ್ನು ಹೊಡೀಬೇಕು ಅಂತ ಹೇಳ್ಲಿಕ್ಕೆ ಒಬ್ಬನೇ. ಅವನಿಗೆ ಹೆಜ್ಜೆಯವ ಅಂತ ಹೇಳುದು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಅವನು ಹೋಗಿ ನೀರಿನ ಬದಿಯ ಕೆಸರಿನಲ್ಲಿ ಹೆಜ್ಜೆ ನೋಡ್ತಾನೆ, ನೋಡಿ ಒಂದನ್ನು ಆರಿಸಿ, ಆ ಹೆಜ್ಜೆಯ ಮೇಲೆ ಸೊಪ್ಪು ಮುಚ್ಚಿ ಮೇಲೊಂದು ಕಲ್ಲು ಇಡ್ತಾನೆ. ಒಮ್ಮೆ ಮುಚ್ಚಿದ ಸೊಪ್ಪನ್ನು ಧಣಿಗಳು ಕೂಡ ಎತ್ತಿ ನೋಡ್ಲಿಕ್ಕಿಲ್ಲ. ಅವನ ಮಾತೇ ಮಾತು. ಮೊದಲು ಕುಂಟು ಇದ್ರೆ ಕುಂಟು, ಮತ್ತೆ ಮುದಿ ಗಂಡು, ಅದೂ ಇಲ್ಲದಿದ್ರೆ ಗೊಡ್ಡು ಹೆಣ್ಣು. ಮರಿ ಕಟ್ಟಿಕೊಂಡದ್ದು, ಹೊಟ್ಟೆಯಲ್ಲಿ ಇದ್ದದ್ದು ಮುಟ್ಟುವ ಹಾಗಿಲ್ಲ. ಅಂಥದ್ದು ಬಿದ್ರೆ ಆ ವರ್ಷದ ಬೇಟೆ ಅಲ್ಲಿಗೇ ಬಂದ್, ಹೆಜ್ಜೆಯವನಿಗೆ ಪಾಲಿಲ್ಲ. ಸರಿ ಇದ್ರೆ ಅವನಿಗೆ ಒಂದು ಇಡೀ ಮುಂಗಾಲು, ಜೊತೆಗೆ ಲಿವರು. ಇಪ್ಪತ್ತೆಂಟು ವರ್ಷ ನನ್ನ ಅಪ್ಪನೇ ಹೆಜ್ಜೆಯವ, ಒಂದು ಸಲವೂ ಅವರ ಮಾತು ಸುಳ್ಳಾದದ್ದಿಲ್ಲ. ಆ ವರ್ಷ ಅವರ ಎರಡೂ ಕಣ್ಣು ಪೊರೆ ಬಂದು ಹೋಗಿತ್ತು. ಧಣಿಗಳು ಜನ ಕಳಿಸಿ ಹೇಳಿದ್ರು, ಅಪ್ಪನಿಗೆ ಆಗದಿದ್ರೆ ಮಗ ಬರ್ಲಿ ಅಂತ. ಅದು ನನ್ನ ಮೊದಲ ಕೆಲಸ ಮಕ್ಕಳೇ. ಅಪ್ಪ ನನ್ನನ್ನು ಸಣ್ಣದಿಂದ ಕರ್ಕೊಂಡು ಹೋಗಿ, ಕಣ್ಣಿನಲ್ಲಿ ನೋಡಿದ್ರೆ ಸಾಲ್ದು, ಬೆರಳು ಹಾಕಿ ನೋಡು ಅಂತ ಕಲಿಸಿದ್ದು. ನನಗೆ ಎಲ್ಲ ಬರ್ತಿತ್ತು. ಬರ್ತಿತ್ತು ಅಂತಲೇ ಹೇಳುದು ನಾನು.

ಆವತ್ತು ಬೆಳಿಗ್ಗೆ ತೋಡಿನ ಬದಿಯಲ್ಲಿ ಎರಡು ಕಡವೆಯ ಹೆಜ್ಜೆ ಇತ್ತು. ಕಡವೆ ಗೊತ್ತುಂಟಲ್ಲ, ಜಿಂಕೆಯದ್ದೇ ದೊಡ್ಡ ಜಾತಿ, ಎಮ್ಮೆಕರುವಿನಷ್ಟು ಎತ್ತರ. ಒಂದು ಗಂಡು, ಹಿಂದಿನ ಎಡಗಾಲು ಎಳ್ಕೊಂಡು ಹೋದದ್ದು, ಗೊರಸು ಕೊಳೆತ ವಾಸನೆ ಆ ಕೆಸರಿನಲ್ಲೇ ಇತ್ತು. ಅದನ್ನೇ ಆರಿಸ್ಬೇಕಿತ್ತು, ಕ್ರಮ ಅದೇ. ಆದ್ರೆ ಕಾಯಿಲೆಯ ಮಿಗದ ಲಿವರು ನಾವು ತಿನ್ಲಿಕ್ಕಿಲ್ಲ, ಅದು ನಾಯಿಗಳಿಗೆ. ಅಂದ್ರೆ ಕಮಲಕ್ಕನಿಗೆ ಇಲ್ಲ. ಇನ್ನೊಂದು ಹೆಣ್ಣು. ಹೆಣ್ಣಿನ ಹಿಂಗಾಲು ಮುಂಗಾಲಿನ ಹೆಜ್ಜೆಯಿಂದ ಸ್ವಲ್ಪ ಹೊರಗೆ ಬೀಳ್ತದೆ, ಹೊಟ್ಟೆಯಲ್ಲಿ ಮರಿ ಇದ್ರೆ ಇನ್ನೂ ಹೊರಗೆ. ಗೊಡ್ಡಾದ್ರೆ ಎರಡು ಬೆರಳು, ಅಷ್ಟೇ. ನಾನು ಬೆರಳು ಇಟ್ಟು ಅಳೆದೆ. ನಾಲ್ಕು ಬೆರಳು. ಇನ್ನೊಮ್ಮೆ ಅಳೆದೆ, ಮತ್ತೊಂದು ಜೋಡಿ ಹೆಜ್ಜೆಯಲ್ಲಿ ಅಳೆದೆ. ಎಷ್ಟು ಸಲ ಅಳೆದ್ರೂ ನಾಲ್ಕು ಬೆರಳು. ಅಲ್ಲಿ ಬೇರೆ ಯಾರಿಲ್ಲ, ನಾನೊಬ್ಬನೇ, ನೀರು ಹರಿಯುವ ಶಬ್ದ. ಅಳು ನಿಲ್ಲಿಸಿದ ಆ ಮಗುವಿನ ಮುಖ ಒಂದು ಬಿಟ್ರೆ ನನ್ನ ತಲೆಯಲ್ಲಿ ಎಂತದೂ ಇರ್ಲಿಲ್ಲ, ಹೊಟ್ಟೆ ಸೀಳಿದ್ರೆ ಗೊತ್ತಾಗ್ತದೆ, ಪಾಲು ಹೋಗ್ತದೆ ಅಂತ ಕೂಡ ಗ್ರಹಿಸ್ಲಿಲ್ಲ. ಕುಂಟು ಗಂಡಿನ ಹೆಜ್ಜೆಯನ್ನು ಕಾಲಿನಿಂದ ಉಜ್ಜಿ ಅಳಿಸಿ ಹಾಕಿದೆ. ಹೆಣ್ಣಿನ ಹೆಜ್ಜೆಗೆ ಸೊಪ್ಪು ಮುಚ್ಚಿದೆ, ಕಲ್ಲು ಇಟ್ಟೆ. ಬಿಸಿಲು ಬೀಳುವ ಹೊತ್ತಿಗೆ ಧಣಿಗಳು, ಕೋವಿಯವರು, ನಾಯಿಗಳು, ಎಲ್ಲ ಬಂದ್ರು. ಧಣಿಗಳು ಕ್ರಮದ ಹಾಗೆ ಕೇಳಿದ್ರು, ಗಂಡಾ ಗೊಡ್ಡಾ ಅಂತ. ನಾನು ಗೊಡ್ಡು ಅಂತ ಹೇಳಿದೆ. ಸ್ವರ ಕೂಡ ನಡುಗ್ಲಿಲ್ಲ ನೋಡಿ, ಅದನ್ನು ಗ್ರಹಿಸಿದ್ರೆ ಈಗ ನನಗೇ ಹೆದರಿಕೆ ಆಗ್ತದೆ.

ಆ ಕಡವೆಗೆ ಓಡ್ಲಿಕ್ಕೆ ಆಗ್ಲಿಲ್ಲ, ಭಾರ ಅಲ್ವಾ. ಮೊದಲ ಗುಂಡು ಸೊಂಟಕ್ಕೆ ಬಿತ್ತು. ಹಿಂದಿನ ಕಾಲು ಎರಡೂ ಹೋಯ್ತು, ಮುಂದಿನ ಕಾಲಿನಲ್ಲೇ ಎಳ್ಕೊಂಡು ಎಳ್ಕೊಂಡು ನೀರಿನ ಹತ್ತಿರ ಬಂತು. ಕೋವಿಯ ಮದ್ದು ಹಾಳು ಮಾಡುದು ಬೇಡ ಅಂತ ಎರಡನೇ ಗುಂಡು ಹೊಡೀಲಿಲ್ಲ. ನಾಯಿಗಳು ಹಿಡಿದ್ವು, ಮತ್ತೆ ಕೊಡಲಿಯ ಹಿಂಬದಿಯಿಂದ ತಲೆಗೆ ಕೊಟ್ರು, ಮೂರು ಸಲ ಕೊಡ್ಬೇಕಾಯ್ತು. ಶ್ರಾವ್ಯ, ಎದ್ದು ಹೋಗ್ಬೇಡ, ಕೂತ್ಕೋ. ಕೇಳುವವರಿಗೆ ಇಷ್ಟು ಕಷ್ಟ ಆದ್ರೆ ನೋಡಿದವನಿಗೆ ಎಷ್ಟು ಆಗ್ಬೇಡ? ಈಂದಿನ ಮರದ ಎಲೆ ಹಾಸಿ ಹೊಟ್ಟೆ ಸೀಳಿದ್ರು. ಮರಿ ಇತ್ತು. ಮೈಯಲ್ಲಿ ರೋಮ ಬಂದಿತ್ತು, ಕಣ್ಣು ಮುಚ್ಚಿತ್ತು, ಕಿವಿ ಎರಡೂ ತಲೆಗೆ ಅಂಟಿಕೊಂಡಿತ್ತು, ಇನ್ನೊಂದು ತಿಂಗಳು ಇದ್ರೆ ನಡೀತಿತ್ತು ಅದು. ಒಬ್ಬ ಹಿಂದಿನಿಂದ ಆ ಸೊಪ್ಪು ಎತ್ತಿ ನೋಡುವ ಅಂತ ಹೇಳಿದ. ಧಣಿಗಳು ಬೇಡ ಅಂದ್ರು, ಸೊಪ್ಪು ಎತ್ತುವ ಕ್ರಮ ಇಲ್ಲ, ಹುಡುಗನಿಗೆ ತಪ್ಪಿತು, ಹಾಗಂತಲೇ ಇರ್ಲಿ ಅಂತ. ನನಗೆ ಒಂದು ಗಳಿಗೆ ಉಸಿರು ಬಂತು. ಮತ್ತೆ ಅವರು ನನ್ನ ಕಣ್ಣೆದುರಿಗೇ ಲಿವರು ಕೊಯ್ಸಿ ನಾಯಿಗಳಿಗೆ ಹಾಕಿಸಿದ್ರು. ನಾಯಿಗಳು ತಿಂದು ಮುಗಿಸುವವರೆಗೆ ನನ್ನನ್ನು ಅಲ್ಲೇ ನಿಲ್ಲಿಸಿದ್ರು. ಹನ್ನೊಂದು ಮನೆಗೆ ಹನ್ನೊಂದು ಪಾಲು ಹಾಕಿದ್ರು. ಆ ಮರಿಯನ್ನು ಎಲೆಯಲ್ಲಿ ಕಟ್ಟಿ ನನ್ನ ಎರಡೂ ಕೈಯಲ್ಲಿ ಇಟ್ಟು ಹೇಳಿದ್ರು: "ನೀನು ಆರಿಸಿದ್ದು ನಿನಗೇ. ತಕ್ಕೊಂಡು ಹೋಗು. ನಾಳೆಯಿಂದ ನಿಮ್ಮ ಮನೆಯವರು ಹೆಜ್ಜೆ ನೋಡುದು ಬೇಡ."

ದಾರಿಯಲ್ಲಿ ಬಿಸಾಡ್ಬಹುದಿತ್ತು. ಹೊಂಡ ತೋಡಿ ಹುಗೀಬಹುದಿತ್ತು. ನಾನು ಬಿಸಾಡ್ಲಿಲ್ಲ. ಅಮ್ಮ ಎಲೆ ಬಿಚ್ಚಿ ನೋಡಿದ್ರು, ಕತ್ತಿ ತಕ್ಕೊಂಡು ಹಿತ್ತಲಿಗೆ ಹೋದ್ರು. ಮಧ್ಯಾಹ್ನ ಕರಿಮೆಣಸು ಹಾಕಿ ಸಾರು ಮಾಡಿದ್ರು. ಎಷ್ಟೋ ತಿಂಗಳ ಮೇಲೆ ಮನೆಯಲ್ಲಿ ಮಾಂಸದ ಪರಿಮಳ. ಅಪ್ಪನಿಗೆ ಬಟ್ಟಲಿನಲ್ಲಿ ಹಾಕಿ ಕೊಟ್ರು. ಕಣ್ಣು ಕಾಣದವರು, ಬೆರಳಿನಲ್ಲಿ ತಡವಿ ತಡವಿ ತಿನ್ನುದು. ತಡವುವಾಗ ಒಂದು ಗೊರಸು ಕೈಗೆ ಸಿಕ್ಕಿತು. ಹುಟ್ಟದ ಮರಿಯ ಗೊರಸು ಗಟ್ಟಿ ಇರುದಿಲ್ಲ, ಎಳನೀರಿನ ಬೊಂಡದ ಒಳಗಿನ ಗಂಜಿ ಹಾಗೆ ಮೆತ್ತಗೆ ಇರ್ತದೆ. ಅವರು ಅದನ್ನು ಎರಡು ಬೆರಳಿನ ನಡುವೆ ಹಿಡ್ಕೊಂಡು ಒತ್ತಿ ನೋಡಿದ್ರು. ಮತ್ತೆ ಸಣ್ಣ ಸ್ವರದಲ್ಲಿ ಕೇಳಿದ್ರು.

"ಸೊಪ್ಪು ಮುಚ್ಚುವಾಗ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಎಷ್ಟು ಬೆರಳು?"

"ನಾಲ್ಕು."

ಬಯ್ತಾರೆ ಅಂತ ಗ್ರಹಿಸಿದೆ, ಹೊಡೀತಾರೆ ಅಂತ ಗ್ರಹಿಸಿದೆ. ಹೊಡೆದಿದ್ರೆ ಒಳ್ಳೇದಿತ್ತು. ಅವರು ಆ ಗೊರಸನ್ನು ಹೊರಗೆ ಇಟ್ರು, ಅವರ ಬಟ್ಟಲಿನ ಸಾರನ್ನು ಕಮಲಕ್ಕನ ಬಟ್ಟಲಿಗೆ ಸುರೀಲಿಕ್ಕೆ ಅಮ್ಮನಿಗೆ ಹೇಳಿದ್ರು, ಅವಳಿಗೆ ಎಂತದೂ ಹೇಳ್ಬೇಡಿ ಅಂದ್ರು, ಕೈ ತೊಳ್ಕೊಂಡ್ರು. ಆವತ್ತಿನಿಂದ ಸಾಯುವವರೆಗೆ ಅಪ್ಪ ನನ್ನ ಹತ್ತಿರ ಕಾಡಿನ ಮಾತು ಎತ್ತಲಿಲ್ಲ. ಒಳಗಿನ ಕೋಣೆಯಲ್ಲಿ ಕಮಲಕ್ಕ ಸುರ್‌ ಅಂತ ಕುಡಿದ್ಳು, ಎಲುಬು ಕೂಡ ಬಿಡ್ಲಿಲ್ಲ, ಇನ್ನೂ ಉಂಟಾ ಅಂತ ಕೇಳಿದ್ಳು. ಇತ್ತು, ಕೊಟ್ರು. ಮೂರನೇ ದಿವಸ ಆ ಮಗು ಅತ್ತಿತು. ಅಮ್ಮ ಅಂಗಳದಲ್ಲಿ ಕೂತ್ಕೊಂಡು ಆ ಅಳುವನ್ನು ಕೇಳ್ತಾ ಅತ್ತದ್ದು.

ಅವಳಿಗೆ ಗೊತ್ತಾದದ್ದು ಬಾಣಂತಿಯ ನಲವತ್ತು ದಿವಸ ಕಳೆದು ತೋಡಿಗೆ ಬಟ್ಟೆ ಒಗೀಲಿಕ್ಕೆ ಹೋದಾಗ. ಹೆಂಗಸರು ಹೇಳಿಯೇ ಹೇಳ್ತಾರಲ್ಲ, ಬೇಟೆ ನಿಂತು ಅವರ ಮನೆಯಲ್ಲೂ ಹಸಿವೆಯೇ, ಸಿಟ್ಟಿತ್ತು ಅವರಿಗೆ. ಒದ್ದೆ ಬಟ್ಟೆಯನ್ನು ಅಲ್ಲೇ ಬಿಟ್ಟು ಬಂದ್ಳು. ನಾನು ಜಗಲಿಯಲ್ಲಿ ಹಗ್ಗ ಹೊಸೀತಾ ಇದ್ದೆ. ಮಗುವನ್ನು ಎತ್ತಿಕೊಂಡು ನನ್ನೆದುರು ನಿಂತು ಹೇಳಿದ್ಳು: "ಒಬ್ಬಳ ಹೊಟ್ಟೆಯಿಂದ ತೆಗ್ದು ನನ್ನ ಹೊಟ್ಟೆಗೆ ಹಾಕಿದ್ಯಾ? ನನ್ನ ಹತ್ತಿರ ಒಂದು ಮಾತು ಕೇಳ್ಬೇಕು ಅಂತ ನಿನಗೆ ಆಗ್ಲಿಲ್ವಾ?" ಅಷ್ಟೇ. ಮರುದಿವಸ ವಾಮದಪದವಿಗೆ, ಗಂಡನ ಮನೆಗೆ ಹೋದ್ಳು. ನಿಮ್ಮ ಕಮಲಜ್ಜಿ ನಮ್ಮ ಮನೆಗೆ ಬಂದ್ರೆ ಒಂದು ಲೋಟ ನೀರು ಬಿಟ್ಟು ಎಂತದೂ ಮುಟ್ತಿರ್ಲಿಲ್ಲ, ನೆನಪುಂಟಾ? ಶುಗರು ಅಂತ ನೀವು ಗ್ರಹಿಸಿದ್ದು. ಶುಗರೂ ಇಲ್ಲ ಎಂತದೂ ಇಲ್ಲ. ನನ್ನ ಮದುವೆಗೆ ಬಂದು ಊಟ ಮಾಡ್ಲಿಲ್ಲ, ನಿಮ್ಮ ಅಪ್ಪನ ಮದುವೆಯಲ್ಲೂ ಮಾಡ್ಲಿಲ್ಲ. ಕಳೆದ ವರ್ಷ ಬಂಟ್ವಾಳದಲ್ಲಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ನಾನು ಫ್ಲಾಸ್ಕಿನಲ್ಲಿ ಗಂಜಿ ತಕ್ಕೊಂಡು ಹೋದೆ. ನರ್ಸು ಕೊಟ್ಟ ಬ್ರೆಡ್ಡು ತಿಂದ್ಳು, ಪಕ್ಕದ ಮಂಚದವರು ಕೊಟ್ಟ ಕಿತ್ತಳೆ ತಿಂದ್ಳು. ನಾನು ಚಮಚ ಹತ್ತಿರ ತಂದ್ರೆ ಗೋಡೆಗೆ ತಿರುಗಿ ಮಲಗಿದ್ಳು. ಆ ಗಂಜಿಯನ್ನು ನಾನೇ ಬಸ್‌ಸ್ಟ್ಯಾಂಡಿನಲ್ಲಿ ಕೂತು ಕುಡಿದೆ. ಎರಡು ದಿವಸ ಬಿಟ್ಟು ತೀರಿಹೋದ್ಳು.

ಆ ಮಗು? ಅದೇ ನಿಮ್ಮ ಸೇಸಪ್ಪ ಮಾವ, ಬಂದಾಗೆಲ್ಲ ಮೂರು ಸಲ ಬಡಿಸ್ಕೊಂಡು ಉಣ್ಣುವವ. ಅವನಿಗೆ ಗೊತ್ತಿಲ್ಲ, ಹೇಳಿದ್ರೆ ಜಾಗ್ರತೆ. ಇನ್ನೊಮ್ಮೆ ಅಂಥ ಗತಿ ಬಂದ್ರೆ ಆ ಹೆಜ್ಜೆಗೇ ಸೊಪ್ಪು ಹಾಕ್ತೇನೆ ನಾನು, ನಿಮ್ಮ ಹತ್ತಿರ ಸುಳ್ಳು ಯಾಕೆ ಹೇಳುದು. ಆದ್ರೆ ಸಾರು ಕೊಡುವ ಮೊದಲು ಅವಳಿಗೆ ಹೇಳ್ತೇನೆ. ಹೇಳಿದ್ರೆ ಅವಳು ಮುಟ್ತಿರ್ಲಿಲ್ಲ, ಮಗು ಉಳೀತಿರ್ಲಿಲ್ಲ ಅಂತ ನೀವು ಹೇಳ್ಬಹುದು. ಇರ್ಬಹುದು. ಕುಡಿಯುದಾ ಬಿಡುದಾ ಅಂತ ಆರಿಸುದು ಅವಳ ಕೆಲಸ, ನನ್ನದಲ್ಲ, ಅಪ್ಪನದ್ದೂ ಅಲ್ಲ. ಯಾರಿಗಾದ್ರೂ ಬಡಿಸುವಾಗ ಪಾತ್ರೆಯಲ್ಲಿ ಎಂತ ಉಂಟು ಅಂತ ಹೇಳಿ ಬಡಿಸಿ ಮಕ್ಕಳೇ, ಅಷ್ಟು ಕಲಿತ್ರೆ ಸಾಕು. ಏಳಿ ಈಗ, ನಿಮ್ಮ ಅಮ್ಮ ಆಗಿನಿಂದ ಕರೀತಾ ಇದ್ದಾಳೆ.