ಮೂರು ಲೋಟ ಪುದೀನ

…ಬೇಡ ಬೇಡ, ನೀನು ಏಳಬೇಡ. ಅಲ್ಲೇ ಕೂತಿರು. ನಿನ್ನ ಕುರ್ಚಿನೇ ಅದು. ಒಂದು ಕಾಲು ಗಿಡ್ಡ ಇತ್ತಲ್ಲ, ರಟ್ಟು ಮಡಚಿ ಇಟ್ಟಿದೀನಿ, ಈಗ ಅಲ್ಲಾಡಲ್ಲ. ಬ್ಯಾಗು ಯಾಕೆ ತೊಡೆ ಮೇಲೇ ಇಟ್ಕೊಂಡಿದೀಯ? ಬಸ್ಸಲ್ಲಿ ಕೂತ ಹಾಗೆ. ಮೇಜಿನ ಮೇಲಿಡು. ಸರಿ… ಇರಲಿ ಬಿಡು, ತೊಡೆ ಮೇಲೇ ಇರಲಿ. ಹತ್ತು ನಿಮಿಷ ಕೂತ್ಕೋತೀನಿ ಅಂತ ನೀನೇ ಅಂದಿದ್ದು. ಅದರಲ್ಲಿ ಎರಡು ಆಗ್ಲೇ ಹೋಯ್ತು.

ನಂಗೇನೂ ಬೇಡ ಅಂತ ಮಾತ್ರ ಅನ್ನಬೇಡ. ಇದರಲ್ಲಿ ಏನೂ ಇಲ್ಲ ಕಣೇ. ಪುದೀನ, ನಿಂಬೆಹಣ್ಣು, ಸಕ್ಕರೆ, ಐಸು, ಸೋಡಾ. ಎಲ್ಲಾ ನಿನ್ನ ಕಣ್ಣ ಮುಂದೇನೇ ಇದೆ. ಸೋಡಾ ನಮ್ಮ ಕಾರ್ಖಾನೇದು. ಬಾಟಲಿ ತೊಳೆಯೋ ವಿಭಾಗದಲ್ಲಿ ಹಾಕಿದಾರೆ ನನ್ನ. ಹದಿನಾಲ್ಕು ವರ್ಷ ಬಾರಲ್ಲಿ ಬಾಟಲಿ ಖಾಲಿ ಮಾಡಿಸ್ತಿದ್ದೋನು ಈಗ ಖಾಲಿ ಬಾಟಲಿ ತೊಳೀತಿದೀನಿ. ನಗು ಬಂತಾ? ತುಟಿ ಅಲ್ಲಾಡ್ತು, ನಾನು ನೋಡಿದೆ. ಇಲ್ಲ ಅನ್ನಬೇಡ.

ಎಲೇನ ಹೀಗೆ ಅಂಗೈ ಮೇಲಿಟ್ಟು ಇನ್ನೊಂದು ಕೈಯಿಂದ ಒಂದೇ ಒಂದು ಏಟು. ಟಪ್. ಅಷ್ಟೇ. ಜಜ್ಜಿ ಹಿಂಡಿಬಿಟ್ರೆ ಕಹಿ ಬಿಡುತ್ತೆ, ಬಾಯಿಗಿಡೋಕಾಗಲ್ಲ. ನೋಡು, ವಾಸನೆ ಹೇಗೆ ಎದ್ದು ಬಂತು. ಈಗ ನಿಂಬೆಹಣ್ಣು. ತೆಳ್ಳಗೆ, ಬೆಳಕಿಗೆ ಹಿಡಿದ್ರೆ ಆ ಕಡೆ ಕಾಣಬೇಕು. ನೋಡ್ತಿದೀಯಾ? ಕೈ ನೋಡು ನನ್ನದು. ಒಂದು ಚೂರೂ ನಡುಗ್ತಿಲ್ಲ. ಹೋದ ಸಲ ಬಂದಾಗ ಬೀಗದ ಕೈ ತೂತಿಗೆ ಹಾಕೋಕೆ ಒದ್ದಾಡ್ತಿದ್ದೆ, ನೀನೇ ಕಿತ್ಕೊಂಡು ತೆಗೆದೆ, ನೆನಪಿದೆಯಲ್ಲ? ಈಗ ನೋಡು. ಕುಡಿಯೋದು ಬಿಟ್ಟು ನೂರು ದಿನ. ಸುಮ್ಮನೆ ಅಲ್ಲ.

ಆ ಬೆರಳಾ? ಅದು ಬೆಳಿಗ್ಗೆ… ಡಬ್ಬಿ ಮುಚ್ಚಳ ಕುಯ್ತು. ಸಣ್ಣ ಗಾಯ. ಬಿಡು.

ನಮ್ಮ ಪುಟ್ಟಿ ಕೆಳಗೆ ಕಾರಲ್ಲೇ ಕೂತಿದಾಳಾ? ನಿಮ್ಮಣ್ಣ ಗಾಜು ಇಳಿಸಿದಾನೋ ಇಲ್ವೋ, ಈ ಬಿಸಿಲಲ್ಲಿ. ಒಂದು ಸಲ ಬಾಲ್ಕನಿಗೆ ಹೋಗಿ ನೋಡ್ಲಾ? ಇಲ್ಲ, ಇಲ್ಲ. ನಾನು ಹೋಗಲ್ಲ. ಮಾತು ಅಂದ್ರೆ ಮಾತು. ನೀನು ನೋಡ್ಬೇಕು, ನಿಂಗೆ ಸರಿ ಅನ್ನಿಸ್ಬೇಕು, ಆಮೇಲೆ ನೀನೇ ಬಾಲ್ಕನಿಗೆ ಹೋಗಿ ಕೈ ಬೀಸಬೇಕು, ಅವಳು ಮೇಲೆ ಬರ್ತಾಳೆ. ಬಂದ್ರೆ ಇಬ್ರೂ ಇಲ್ಲೇ ಇರ್ತೀರ. ಕೈ ಬೀಸ್ಲಿಲ್ಲ ಅಂದ್ರೆ… ಅದನ್ನ ಯಾಕೆ ಈಗ ಮಾತಾಡೋದು. ಅದಕ್ಕೇ ಮೂರು ಲೋಟ ಇಟ್ಟಿದೀನಿ. ನಂದು, ನಿಂದು, ಅವಳದು. ಅವಳು ಮೂರು ಮಹಡಿ ಓಡ್ಕೊಂಡು ಹತ್ತುತಾಳೆ ನೋಡು, ಬಂದ ತಕ್ಷಣ ನೀರು ನೀರು ಅಂತಾಳೆ. ಅವಳು ಬರೋಷ್ಟರಲ್ಲಿ ಲೋಟದ ಹೊರಗೆ ಬೆವರು ಕೂತಿರಬೇಕು.

ಏನು ನೋಡ್ತಿದೀಯ ಕಿಟಕೀಲಿ? ಓ, ಗಿಡ. ಅವಳು ಹಾಕಿದ್ದೇ ಅದು. ಐಸ್ ಕ್ರೀಮ್ ಡಬ್ಬೀಲಿ ಕಡ್ಡಿ ಚುಚ್ಚಿ ಹೋಗಿದ್ಲಲ್ಲ, ನಾನು ದೊಡ್ಡ ಕುಂಡಕ್ಕೆ ಹಾಕಿದೆ, ದಿನಾ ನೀರು ಹಾಕಿದೆ. ಬೋಳಾ? ಹೌದು, ಸ್ವಲ್ಪ ಬೋಳಾಗಿದೆ. ಅಭ್ಯಾಸ ಮಾಡ್ತಿದ್ದೆ ಕಣೇ, ದಿನಾ ಒಂದು ಲೋಟ ಮಾಡಿ ಮಾಡಿ ರುಚಿ ನೋಡ್ತಿದ್ದೆ, ಪುಟ್ಟಿಗೆ ಸರಿ ಬರಲಿ ಅಂತ. ಇವತ್ತಿನದು ಅಂಗಡೀದು. ಗಿಡದಲ್ಲಿ ಎಲೆ ಸಾಕಾಗ್ಲಿಲ್ಲ… ಹಾಗೆ ನೋಡಬೇಡ ನನ್ನ. ಎಲೆ ಮತ್ತೆ ಬರುತ್ತೆ. ಪುದೀನ ಸಾಯೋ ಗಿಡ ಅಲ್ಲ.

ಐಸು ಬಟ್ಟೇಲಿ ಕಟ್ಟಿ ಒಂದು ಪೆಟ್ಟು. ಶಬ್ದಕ್ಕೆ ಬೆಚ್ಚಿದೆಯಲ್ಲ ನೀನು. ಮೊದಲು ಹೀಗೆ ಬೆಚ್ಚುತಿರ್ಲಿಲ್ಲ. ನಾನು ಕೌಂಟರಿನ ಹಿಂದೆ ಐಸು ಕುಟ್ತಿದ್ರೆ, ನೀನು ಟ್ರೇ ಹಿಡ್ಕೊಂಡು ನಿಂತು, ಏನ್ರೀ ಇದು ಗೋಡೆ ಒಡೀತಿದೀರಾ ಅಂತಿದ್ದೆ. ನೀನು ಹೊಸದಾಗಿ ಸೇರಿದ್ದೆ ಆಗ. ಮೊದಲ ವಾರವೇ ಆ ಪೇಚು. ಯಾರದೋ ಹುಟ್ಟಿದ ದಿನ, ಒಂದೇ ಮೇಜಿಗೆ ಹತ್ತು ಲೋಟ ಪುದೀನ, ಅರ್ಧಕ್ಕೆ ರಮ್ಮು ಇದೆ, ಅರ್ಧಕ್ಕೆ ಇಲ್ಲ, ನೋಡೋಕೆ ಎಲ್ಲಾ ಒಂದೇ. ಅಮ್ಮನ ಲೋಟ ಮಗೂಗೆ ಹೋಯ್ತು. ಆ ಹುಡುಗಿ ಮೇಜಿನ ಮೇಲೆ ತಲೆ ಇಟ್ಟು ಮಲಗಿಬಿಡ್ತು, ಎಬ್ಬಿಸಿದ್ರೆ ಏಳ್ತಿಲ್ಲ. ನಿನ್ನ ಮುಖದಲ್ಲಿ ರಕ್ತ ಇರ್ಲಿಲ್ಲ ಅವತ್ತು. ತಪ್ಪು ನನ್ನದು ಅಂತ ಮ್ಯಾನೇಜರ್ ಹತ್ರ ನಾನೇ ಹೇಳ್ಕೊಂಡೆ.

ಆಮೇಲೆ ಹಿಂದಿನ ಮೆಟ್ಟಿಲ ಮೇಲೆ ಕೂತು ಇಬ್ರೂ ಗುರುತು ಮಾಡ್ಕೊಂಡ್ವಿ. ನಿಂಬೆಹೋಳು ಲೋಟದ ಒಳಗೆ ತೇಲ್ತಿದ್ರೆ ಏನೂ ಇಲ್ಲ, ಮಗೂಗೂ ಕೊಡಬಹುದು. ಅಂಚಿಗೆ ಸಿಕ್ಕಿಸಿದ್ರೆ ರಮ್ಮು ಇದೆ. ಬೇರೆ ಯಾರಿಗೂ ಹೇಳ್ಲಿಲ್ಲ. ಆಮೇಲೆ ಒಂದೇ ಒಂದು ಲೋಟ ತಪ್ಪಿಲ್ಲ, ನಾವು ಅಲ್ಲಿದ್ದಷ್ಟು ವರ್ಷ. ನಿದ್ದೆಗಣ್ಣಲ್ಲೂ ಕೈ ತಾನೇ ಹಾಕ್ತಿತ್ತು. ಲೋಟದ ಅಂಚು ನೋಡಿ ನೋಡೇ ನಮ್ಮ ಮದುವೆ ಆಗಿದ್ದು ಅಂತ ನೀನೇ ಎಲ್ಲರ ಹತ್ರ ಹೇಳ್ಕೊಂಡು ನಗ್ತಿದ್ದೆ.

ಈಗ ನಗ್ತಿಲ್ಲ. ಗೊತ್ತು. ಆ ಸ್ಕೂಲ್ ಗೇಟಿನ ದಿನ ನೆನಪಾಗುತ್ತೆ ನಿಂಗೆ, ನನ್ನ ಮುಖ ನೋಡಿದ್ರೆ. ನಂಗೂ ಅದೇ ಕಣೇ. ಕಣ್ಣು ಮುಚ್ಚಿದ್ರೆ ಅದೇ. ಮೂರೂವರೆಗೆ ಕರ್ಕೊಂಡು ಬರ್ಬೇಕಿತ್ತು, ಸಂಜೆ ಏಳಾದ್ರೂ ಆ ಕೂಸು ವಾಚ್‌ಮನ್ ಸ್ಟೂಲಿನ ಮೇಲೆ ಚೀಲ ತಬ್ಬಿಕೊಂಡು ಕೂತಿತ್ತು. ಅಪ್ಪ ಬರ್ತಾರೆ, ಅಪ್ಪನಿಗೆ ಕೆಲಸ ಜಾಸ್ತಿ ಅಂತ ಅವನಿಗೇ ಸಮಾಧಾನ ಹೇಳ್ತಿದ್ಲಂತೆ. ನಾನು ಇದೇ ನೆಲದ ಮೇಲೆ ಬಿದ್ದಿದ್ದೆ. ನಾಚಿಕೆ ಆಗುತ್ತೆ. ಸಾಯೋಷ್ಟು ನಾಚಿಕೆ ಆಗುತ್ತೆ. ಅದಕ್ಕೇ ಹೇಳ್ತಿರೋದು, ಇನ್ನೊಂದು ಸಲ… ಒಂದೇ ಸಲ…

ಆಯ್ತು, ಆಯ್ತು. ಸೋಡಾ ಹಾಕ್ತೀನಿ. ಪಕ್ಕದಿಂದ, ನಿಧಾನಕ್ಕೆ, ಇಲ್ಲಾಂದ್ರೆ ಗುಳ್ಳೆ ಎಲ್ಲಾ ಹಾರಿಹೋಗುತ್ತೆ. ಒಂದು ಚಿಟಿಕೆ ಉಪ್ಪು. ಇಷ್ಟೇ ನೋಡು. ಹೋಳು ಇದಕ್ಕೊಂದು… ಇದಕ್ಕೊಂದು… ಇದಕ್ಕೊಂದು. ಇದು ನಿಂಗೆ. ಅದು ಪುಟ್ಟಿಗೆ. ಇದು ನಂದು, ಇದು ಈ ಕಡೆ ಇರಲಿ. ಕುಡಿದು ನೋಡು. ಕುಡಿದು, ಬಾಲ್ಕನಿಗೆ ಹೋಗು. ಪುಣ್ಯ ಕಟ್ಕೋ.

ಯಾಕೆ? ಕುಡಿ. ಸಕ್ಕರೆ ಕಮ್ಮಿ ಆಯ್ತಾ? ನೀನಿನ್ನೂ ರುಚೀನೇ ನೋಡಿಲ್ಲವಲ್ಲ. ಏನು ನೋಡ್ತಿದೀಯ?

ಲೋಟದಲ್ಲಿ ಏನಿದೆ ಅಂತ ಹಾಗೆ ನೋಡ್ತೀಯ? ಮೂರೂ ಒಂದೇ. ಒಂದೇ ಬಾಟಲಿ ಸೋಡಾ. ನಿನ್ನ ಕಣ್ಣ ಮುಂದೇನೇ ಹಾಕಿದ್ನಲ್ಲ.

…ಅದಾ. ಅದು ಕೈ ತಪ್ಪಿ. ಹಳೇ ಅಭ್ಯಾಸ, ಕೈ ತಾನೇ ಅಂಚಿಗೆ ಸಿಕ್ಕಿಸಿಬಿಡ್ತು. ಚೆಂದ ಕಾಣುತ್ತೆ ಅಂತ. ಇರು, ಒಳಗೆ ಹಾಕ್ತೀನಿ. ನೋಡು, ಹಾಕಿದೆ. ಆಯ್ತಲ್ಲ? ಈಗ ಮೂರೂ ಒಂದೇ.

ಬಯ್ಯಿ. ಬ್ಯಾಗಲ್ಲಿ ಹೊಡಿ. …ಆ ಲೋಟ ಯಾಕೆ ಎಳ್ಕೋತಿದೀಯ? ಅದು ನಂದು. ಕೊಡಿಲ್ಲಿ. ಬಾಯಿಗಿಡಬೇಡ. ಕೊಡು ಅಂದೆ!

…ಹೌದು.

ಹೌದು. ಬಿಳಿ ರಮ್ಮು, ಎರಡು ಬೆರಳಷ್ಟು. ನೀನು ಬರೋಕೆ ಮುಂಚೆನೇ ತಳದಲ್ಲಿ ಹಾಕಿಟ್ಟಿದ್ದೆ. ಅದಕ್ಕೂ ಮುಂಚೆ ಇನ್ನೊಂದಿಷ್ಟು. ಬೆಳಿಗ್ಗೆ ನಿಂಬೆಹಣ್ಣು ಕೊಯ್ಯೋಕೆ ಕೂತೆ, ಕೈ ನಿಲ್ತಿಲ್ಲ. ಚಾಕು ಬೆರಳಿಗೇ ಬಂತು. ಡಬ್ಬಿ ಅಲ್ಲ. ಈ ಕೈ ಇಟ್ಕೊಂಡು ನಿನ್ನ ಮುಂದೆ ಹೇಗೆ ಕೂರ್ಲಿ? ಕುಡಿದ್ಮೇಲೆ ನಿಂತ್ಕೊಳ್ತು ಕಣೇ. ನೀನು ನೋಡಿದೆಯಲ್ಲ, ಎಷ್ಟು ತೆಳ್ಳಗೆ ಕೊಯ್ದೆ.

ನೂರು ದಿನ ಅಲ್ಲ. ಮೊದಲ ನಲವತ್ತು ನಿಜ. ನಿಮ್ಮಮ್ಮನ ಆಣೆ… ಬೇಡ, ಆಣೆ ಬೇಡ. ನಲವತ್ತು ನಿಜ. ಆಮೇಲೆ ಗಿಡದ ಎಲೆ ಅಗಿಯೋಕೆ ಶುರು ಮಾಡಿದೆ, ಕಾರ್ಖಾನೇಲಿ ವಾಸನೆ ಬರಬಾರ್ದು ಅಂತ. ಮಗು ಹಾಕಿದ ಗಿಡ. ಒಂದೊಂದೇ ಕಿತ್ತು ಕಿತ್ತು ತಿಂದೆ.

ಕೈ ತಪ್ಪಿ ಅಂದೆನಲ್ಲ, ಅದೂ ಸುಳ್ಳು. ಗೊತ್ತಿದ್ದೇ ಸಿಕ್ಕಿಸಿದ್ದು. ಸಿಕ್ಕಿಸದೇ ಇದ್ದಿದ್ರೆ ನಿಂಗೆ ಗೊತ್ತೇ ಆಗ್ತಿರ್ಲಿಲ್ಲ, ಈ ಹೊತ್ತಿಗೆ ನೀನು ಬಾಲ್ಕನೀಲಿರ್ತಿದ್ದೆ. ಆದ್ರೆ ಅವಳು ಓಡ್ಕೊಂಡು ಬಂದು, ಯಾವ ಲೋಟಕ್ಕೆ ಕೈ ಹಾಕ್ತಾಳೋ… ಯಾರು ಕಂಡ್ರು. ಗುರುತು ಇಲ್ದೆ ಹೇಗೆ ಬಿಡ್ಲಿ? ನೀನಾದ್ರೂ ನೋಡಿ ತಡೀತೀಯ ಅಂತ.

ಹಾರ್ನ್ ಹೊಡೀತಿದಾನೆ ನಿಮ್ಮಣ್ಣ. ಹತ್ತು ನಿಮಿಷ ಆಗಿರಬೇಕು.

ಬಾಗಿಲ ಕಡೆ ಯಾಕೆ ಹೋಗ್ತಿದೀಯ? ಬಾಲ್ಕನಿ ಈ ಕಡೆ ಕಣೇ… ಹ್ಞೂ. ಗೊತ್ತು. ನಿಂಗೆ ಗೊತ್ತಿರಲ್ವಾ.

ಇರು. ಒಂದೇ ಒಂದು ನಿಮಿಷ. ಅವಳದನ್ನ ಕೆಳಗೆ ತಗೊಂಡು ಹೋಗು. ಅದರಲ್ಲಿ ಏನೂ ಇಲ್ಲ, ನಿಜವಾಗ್ಲೂ ಏನೂ ಇಲ್ಲ, ಅದೊಂದನ್ನ ಸರಿಯಾಗಿ ಮಾಡಿದೀನಿ. ಅಪ್ಪ ಮಾಡಿದ್ದು ಅಂತ ಹೇಳೋದೂ ಬೇಡ. ಬಿಸಿಲಲ್ಲಿ ಕೂತಿದಾಳೆ, ಕುಡೀಲಿ… ಅಯ್ಯೋ, ತಡಿ, ಹೋಳು ಎಲ್ಲಾ ಒಳಗೇ ಹಾಕ್ಬಿಟ್ನಲ್ಲ ನಾನು, ಮೂರೂ ಒಂದೇ ಥರ ಕಾಣ್ತಿದೆ. ನೀನು ಎಳ್ಕೊಂಡಿದ್ದನ್ನ ಮುಟ್ಟಬೇಡ, ಅದು ನಂದು. ಆ ಕೊನೇದು. ಬೇಡ, ಮೂಸಿ ನೋಡು. ಮೂಸಿ ನೋಡ್ಕೊಂಡು ತಗೋ. ನನ್ನ ಮಾತು ಕೇಳಿ ತಗೋಬೇಡ.